ಅರವಟ್ಟಿಗೆ ಬೋರ್ಡಿನ ಮೇಲೆ ಏನು ಬರೆಯೋದು: ಸಿಹಿನೀರು, ಶುದ್ಧ ನೀರು, ಕುಡಿಯುವ ನೀರು, ಬಳಕೆ ನೀರು?

ಅರವಟ್ಟಿಗೆ ಬಳಗ, ಚಳ್ಳಕೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನಡೆದು ಬರುವವರಿಗಾಗಿ ಚಳ್ಳಕೆರೆ ಕಡೆಯ ರಸ್ತೆಯಲ್ಲಿ ಅರವಟ್ಟಿಗೆ ಇಡುತ್ತಿದ್ದೇವೆ. ತಲಾ 500 ಲೀಟರ್‌ನ ಎರಡು ಪ್ಲಾಸ್ಟಿಕ್ ಟ್ಯಾಂಕ್. ಒಂದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಇನ್ನೊಂದಕ್ಕೆ ಪಕ್ಕದ ತೋಟದ ಬೋರ್ ನೀರು, ಕೈಕಾಲು ಮುಖ ತೊಳೆಯಲಿಕ್ಕೆ, ಲೋಟ ಪಾತ್ರೆ ತೊಳೆಯಲಿಕ್ಕೆ.

ಬೋರ್ಡಿನ ಮೇಲೆ ಏನು ಬರೆಸೋದು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. “ಸಿಹಿನೀರು ಅಂತ ಬರೆಸಿ, ಎಲ್ಲರಿಗೂ ತಿಳಿಯುತ್ತೆ” ಅಂತ ಹಿರಿಯರು. “ಮಿನರಲ್ ವಾಟರ್ ಅಂದ್ರೇನೇ ಜನ ನಂಬಿ ಕುಡಿಯೋದು” ಅಂತ ಹುಡುಗರು. ಘಟಕದ ಗೋಡೆ ಮೇಲಿರೋ ಹಾಗೆ “ಶುದ್ಧ ಕುಡಿಯುವ ನೀರು” ಅಂತಲೇ ಇರಲಿ ಅಂತ ಇನ್ನು ಕೆಲವರು. ಬೋರ್ ನೀರೂ ಬಾಯಿಗೆ ಸಿಹಿಯಾಗೇ ಇದೆ, ಬೇಳೆ ಬೇಯುತ್ತೆ, ಸೋಪು ನೊರೆ ಬರುತ್ತೆ, ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್ 640 ತೋರಿಸುತ್ತೆ. ಅದನ್ನೂ ಸಿಹಿನೀರು ಅಂತ ಕುಡಿಯೋಕೆ ಬಿಡಬಹುದಾ? ಬಿಡಬಾರದು ಅಂದ್ರೆ ಅದರ ಮೇಲೆ ಏನು ಬರೆಯಬೇಕು?

ಜೊತೆಗೆ ಪಾನಕ, ಮಜ್ಜಿಗೆ ಇರುತ್ತೆ, ಬೆಳಿಗ್ಗೆ ಹೊತ್ತು ರಾಗಿ ಅಂಬಲಿ. ಮೂರಕ್ಕೂ ಸೇರಿಸಿ “ತಂಪು ಪಾನೀಯ” ಅಂತ ಒಂದೇ ಬೋರ್ಡು ಸಾಕಾ? ಪಾನಕ, ಮಜ್ಜಿಗೆ ತಲಾ 500 ಲೋಟಕ್ಕೆ ಎಷ್ಟು ಸಾಮಾನು ಬೇಕು, ಬಿಸಿಲಲ್ಲಿ ಕೆಡದ ಹಾಗೆ ಹೇಗೆ ಇಡೋದು? ತಿಳಿದವರು ಹೇಳಿ.

ನೀರು ಪರೀಕ್ಷೆ, ಚಿತ್ರದುರ್ಗ

ಬೋರ್ ಟ್ಯಾಂಕಿನ ಮೇಲೆ “ಸಿಹಿನೀರು” ಅಂತ ದಯವಿಟ್ಟು ಬರೆಸಬೇಡಿ.

ನಮ್ಮ ಸೀಮೆಯಲ್ಲಿ ಸಿಹಿನೀರು ಅಂದರೆ ಉಪ್ಪಿಲ್ಲದ, ಸವಳಿಲ್ಲದ ನೀರು. ಅದು ನಾಲಿಗೆ ಕೊಡುವ ತೀರ್ಪು. ಬೇಳೆ ಬೇಯುವುದು, ಸೋಪು ನೊರೆ ಬರುವುದು ಎರಡೂ ನೀರಿನ ಗಡಸುತನದ ಪರೀಕ್ಷೆಗಳು. ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ ಇದ್ದರೆ ಬೇಳೆಯೂ ಬೇಯುತ್ತದೆ, ನೊರೆಯೂ ಬರುತ್ತದೆ. ಆದರೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಕಡೆಯ ಕೊಳವೆ ಬಾವಿಗಳ ದೊಡ್ಡ ತೊಂದರೆ ಫ್ಲೋರೈಡ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಗ್ರಾನೈಟ್ ಜಾತಿಯ ಕಲ್ಲಿನೊಳಗಿಂದ ಅದು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಅದರೊಂದಿಗೆ ಕೂಡಿ ಬೇರ್ಪಟ್ಟು ನಿಲ್ಲುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಕರಗಿಯೇ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ಕುಡಿಯಲು ಹಿತವಾದ ಬೋರ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಉಂಟು. ಹಳಬರ ಗುರುತುಗಳು ಕೆರೆಗೆ, ತೆರೆದ ಬಾವಿಗೆ ಹುಟ್ಟಿಕೊಂಡವು. ನೂರಾರು ಅಡಿ ಆಳದ ಬೋರಿಗೆ ಅವು ಸಾಲವು.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಕರಗಿರುವ ಲವಣಗಳ ಒಟ್ಟು ಅಂದಾಜು ಸಿಗುತ್ತದೆಯೇ ಹೊರತು ಯಾವ ಲವಣ ಎಷ್ಟು ಅಂತ ತಿಳಿಯುವುದಿಲ್ಲ, ರೋಗಾಣು ಇದೆಯೋ ಇಲ್ಲವೋ ಅಂತಂತೂ ತಿಳಿಯುವುದೇ ಇಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500, 2012ರ ಆವೃತ್ತಿ, ಹಾಕಿರುವ ಮಿತಿ ಹೀಗಿದೆ: ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ. ಗಡಸುತನ 200, ಬೇರೆ ಮೂಲ ಇಲ್ಲದಿದ್ದರೆ 600. ಫ್ಲೋರೈಡ್ 1.0, ಗರಿಷ್ಠ 1.5. ನೈಟ್ರೇಟ್ 45, ಅದರ ಮೇಲೆ ವಿನಾಯಿತಿಯೇ ಇಲ್ಲ. ನಿಮ್ಮ 640 ಆ ಮೊದಲ ಸಾಲಿಗೆ ಮಾತ್ರ ಉತ್ತರ. ತೋಟದ ಬೋರ್ ಅಂದಿರಿ. ಗೊಬ್ಬರ ಹಾಕುವ ಹೊಲದ ನಡುವೆ ಇದ್ದರೆ ನೈಟ್ರೇಟ್ ಕೂಡ ನೋಡಿಸಬೇಕು.

ಆ ಟ್ಯಾಂಕಿಗೆ ಬರೀ “ಬಳಕೆ ನೀರು” ಅಂತ ಬರೆದರೂ ಸಾಲದು. ನಮ್ಮ ಮನೆಗಳಲ್ಲಿ ಬಳಕೆ ನೀರು ಅಂದರೆ ಕುಡಿಯದ ನೀರು ಅಂತ ಎಲ್ಲರಿಗೂ ಗೊತ್ತು. ದೂರದಿಂದ ಬಿಸಿಲಲ್ಲಿ ನಡೆದು ಬಂದವರು, ಮಕ್ಕಳು, ಅದನ್ನು ಬಳಸಬಹುದಾದ ನೀರು ಅಂತ ಓದಿಕೊಳ್ಳುತ್ತಾರೆ. “ಕೈಕಾಲು ತೊಳೆಯುವ ನೀರು. ಕುಡಿಯಬಾರದು” ಅಂತ ಬಿಡಿಸಿ ಬರೆಸಿ. ಅಕ್ಷರ ಮೂರು ಇಂಚಿಗಿಂತ ಚಿಕ್ಕದಾಗದಿರಲಿ. ಓದಲು ಬಾರದವರಿಗಾಗಿ ಒಂದರ ಮೇಲೆ ಲೋಟದ ಚಿತ್ರ, ಇನ್ನೊಂದರ ಮೇಲೆ ಕೈ ತೊಳೆಯುವ ಚಿತ್ರ. ಎರಡು ಟ್ಯಾಂಕ್ ಅಕ್ಕಪಕ್ಕ ಇಡಬೇಡಿ, ಹತ್ತು ಹೆಜ್ಜೆಯಾದರೂ ದೂರವಿರಲಿ. ತೊಳೆಯುವ ಟ್ಯಾಂಕಿನ ನಲ್ಲಿ ಮೊಣಕಾಲಿನ ಎತ್ತರಕ್ಕೆ ಇದ್ದರೆ ಯಾರೂ ಲೋಟ ಹಿಡಿಯುವುದಿಲ್ಲ.

ಲೋಟವನ್ನು ಬೋರ್ ನೀರಲ್ಲಿ ತೊಳೆದರೆ ಫ್ಲೋರೈಡಿನಿಂದ ಏನೂ ಆಗದು, ಲೋಟಕ್ಕೆ ಅಂಟುವ ನಾಲ್ಕು ಹನಿಯಲ್ಲಿ ಅದು ಲೆಕ್ಕಕ್ಕಿಲ್ಲ. ಚಿಂತೆ ಇರುವುದು ರೋಗಾಣುವಿನದು. ಆದ್ದರಿಂದ ಕೊನೆಯ ಜಾಲಿಸುವಿಕೆ ಕ್ಲೋರಿನ್ ಹಾಕಿದ ನೀರಿನಲ್ಲೇ ಆಗಲಿ.

ಇನ್ನು ಕುಡಿಯುವ ಟ್ಯಾಂಕು. “ಮಿನರಲ್ ವಾಟರ್” ಅನ್ನುವುದು ತಪ್ಪು. ಆ ಹೆಸರು ಲವಣಗಳು ಸಹಜವಾಗಿಯೇ ಇರುವ ಬುಗ್ಗೆ ನೀರಿನಂಥದ್ದಕ್ಕೆ ಸಲ್ಲುತ್ತದೆ, ಅದರ ಮಾನಕವೇ ಬೇರೆ, ಐಎಸ್ 13428. ಅಂಗಡಿಯ ಮಾಮೂಲಿ ಬಾಟಲಿಯದು ಐಎಸ್ 14543, ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್. ಘಟಕದ್ದು ಎರಡೂ ಅಲ್ಲ. ಅಲ್ಲಿ ನೀರು ಸೋಸುವ ಆರ್‌ಒ ಪರದೆ ಲವಣವನ್ನು ತೆಗೆದುಹಾಕುವಂಥದ್ದು; ಆ ನೀರಿಗೆ ಮಿನರಲ್ ಅನ್ನುವುದು ಇರುವುದಕ್ಕೆ ತಿರುಗುಮುರುಗು. “ಶುದ್ಧ” ಅನ್ನುವುದು ನೀವು ಕೊಡುವ ಮಾತು. ಘಟಕದ ನಲ್ಲಿಯಲ್ಲಿ ಶುದ್ಧವಾಗಿದ್ದ ನೀರು ಟ್ರ್ಯಾಕ್ಟರ್ ಟ್ಯಾಂಕರು, ಪೈಪು, ನಿಮ್ಮ ಟ್ಯಾಂಕು ದಾಟಿ ಲೋಟಕ್ಕೆ ಬರುವ ಹೊತ್ತಿಗೆ ಹಾಗೇ ಇರಬೇಕಲ್ಲ. “ಕುಡಿಯುವ ನೀರು” ಎರಡೇ ಪದ, ಸಾಕು. ಆ ಎರಡು ಪದಕ್ಕೆ ತಕ್ಕಂತೆ ಟ್ಯಾಂಕನ್ನು ಸಿದ್ಧಮಾಡುವುದು ಹೀಗೆ.

ಹಿಂದಿನ ದಿನ ಟ್ಯಾಂಕ್ ಖಾಲಿ ಮಾಡಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. 10 ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಆ ನೀರನ್ನು ಒಳಗೋಡೆಗೆಲ್ಲ ಬಳಿದು ಅರ್ಧ ಗಂಟೆ ಬಿಡಿ, ನಲ್ಲಿಯಲ್ಲೂ ಸ್ವಲ್ಪ ಹರಿಸಿ, ಆಮೇಲೆ ಎರಡು ಸಲ ಜಾಲಿಸಿ. ಕುಡಿಯುವ ನೀರು ತುಂಬಿದ ಮೇಲೆ ಹಾಕುವ ಪ್ರಮಾಣ 1000 ಲೀಟರಿಗೆ ಸುಮಾರು 2.5 ಗ್ರಾಂ, ಪೌಡರಿನಲ್ಲಿ 33% ಕ್ಲೋರಿನ್ ಇದ್ದರೆ. ಇಷ್ಟು ಚೂರನ್ನು ತೂಗುವುದು ಕಷ್ಟ. 25 ಗ್ರಾಂ ಪೌಡರನ್ನು ಮೊದಲು ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ, ಒಂದು ಲೀಟರ್ ಮಾಡಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಆ ತಿಳಿ 1000 ಲೀಟರಿಗೆ 100 ಎಂಎಲ್, ನಿಮ್ಮ 500 ಲೀಟರಿಗೆ 50 ಎಂಎಲ್. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ನೋಡಿ, ತೆಳು ಹಳದಿ ಬಂದು ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಿದರೆ ಸರಿ. ಬಣ್ಣವೇ ಬಾರದಿದ್ದರೆ ಪೌಡರು ಹಳೆಯದು. ಚೀಲ ಬಿಚ್ಚಿಟ್ಟರೆ ತೇವಕ್ಕೆ ಕ್ಲೋರಿನ್ ಹಾರಿಹೋಗುತ್ತದೆ. ಕದಡಿದ ನೀರನ್ನು ಸುಣ್ಣ ಸಮೇತ ಸುರಿಯುವವರು ಬಹಳ, ಜನ ಒಂದು ಗುಟುಕು ಕುಡಿದು ಮುಖ ಕಿವುಚಿ ಚೆಲ್ಲುವುದು ಅದಕ್ಕೇ.

ನೀರುಗಂಟಿ, ಜಗಳೂರು

ಮೇಲಿನ ಸರ್ ಹೇಳಿದ್ದು ಸರಿ ಐತೆ. ಘಟಕದ ಬಗ್ಗೆ ಎರಡು ಮಾತು ಸೇರಿಸ್ತೀನಿ.

ಘಟಕದ ನೀರು ಅಂದ್ರೆ ಎಲ್ಲಾ ಕಡೆ ಒಂದೇ ಅಲ್ಲ. ತುಂಬಿಸ್ಕೊಳ್ಳೋ ಮುಂಚೆ ಮೀಟರ್ ತಗೊಂಡು ಹೋಗಿ ಒಳಗೆ ಹೋಗೋ ನೀರು, ಹೊರಗೆ ಬರೋ ನೀರು ಎರಡೂ ನೋಡ್ರಿ. ಒಳಗೆ 700 ಇದ್ದು ಹೊರಗೆ 50–70 ಬಂದ್ರೆ ಮೆಂಬ್ರೇನ್ (ಆ ಸೋಸೋ ಪರದೆ) ಚೆನ್ನಾಗೈತೆ. ಅದೇ 700ಕ್ಕೆ 250, 300 ಬಂದ್ರೆ ಒಂದೋ ಮೆಂಬ್ರೇನ್ ಹರಿದೈತೆ, ಇಲ್ಲಾ ರುಚಿ ಬರಲಿ ಅಂತ ಬೈಪಾಸ್ ವಾಲ್ವ್ ತಿರುವಿ ಹಸಿ ಬೋರ್ ನೀರು ಬೆರೆಸ್ತಿದಾರೆ. ಆರ್‌ಒ ನೀರು ಸಪ್ಪೆ ಅಂತ ಜನ ದೂರಿದಾಗ ಹಿಂಗೆ ಮಾಡ್ತಾರೆ. ಬೆರೆಸಿದ್ರೆ ಫ್ಲೋರೈಡೂ ವಾಪಸ್ ಬರುತ್ತೆ. ಲೆಕ್ಕ ಹಾಕಿ ನೋಡ್ರಿ: ಬೋರಿನಲ್ಲಿ 3 ಮಿಲಿಗ್ರಾಂ, ಆರ್‌ಒ ಆದ ಮೇಲೆ 0.3 ಅಂತ ಇಟ್ಕೊಳ್ರಿ. ಕಾಲು ಭಾಗ ಬೋರ್ ನೀರು ಬೆರೆಸಿದ್ರೆ ಒಂದರ ಹತ್ರ ಬಂತು, ಅರ್ಧ ಬೆರೆಸಿದ್ರೆ ಒಂದೂವರೆ ದಾಟ್ತು. ಆಪರೇಟರ್‌ನ ಕೇಳಿ ಆವತ್ತು ಆ ವಾಲ್ವ್ ಪೂರ್ತಿ ಮುಚ್ಚಿಸ್ರಿ.

ಕ್ಯಾನಲ್ಲಿ ತರೋದಾದ್ರೆ ಒಳಗೆ ಕೈ ಹೋಗದ ಸಣ್ಣ ಬಾಯಿ ಕ್ಯಾನು ಬ್ಯಾಡ. ಹಸಿರು ಪಾಚಿ ಕಟ್ಟಿದ್ರೆ ಉಜ್ಜೋಕೆ ಆಗಲ್ಲ. ಬೆಳಕು ಬಿದ್ದ ಕಡೆ ಪಾಚಿ ಬೇಗ ಬರುತ್ತೆ, ತಟ್ಟು ಹೊದಿಸಿ ನೆರಳಲ್ಲಿಡ್ರಿ. ಟ್ಯಾಂಕರಲ್ಲಿ ತರೋದಾದ್ರೆ ಹಿಂದಿನ ಟ್ರಿಪ್ಪು ಏನು ತುಂಬಿದ್ರು ಅಂತ ಕೇಳ್ರಿ, ಕಟ್ಟಡದ ಕೆಲಸಕ್ಕೆ ಕೆರೆ ನೀರು ಹೊಡೆದ ಟ್ಯಾಂಕರು ಸೀದಾ ಕುಡಿಯೋ ನೀರಿಗೆ ಬರ್ತಿರುತ್ತೆ.

ಕನ್ನಡ ಮೇಷ್ಟ್ರು, ಹರಿಹರ

ಹೆಸರುಗಳ ಬಗ್ಗೆ ಕೇಳಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೋರ್ಡು ಬರೆಯುವವರಿಗೆ ಉಪಯೋಗವಾಗಬಹುದು.

ನಮ್ಮ ಭಾಗದಲ್ಲಿ ನೀರಿಗೆ ಹೆಸರಿಡುವ ದಾರಿ ಹಲವು. ಎಲ್ಲಿಂದ ಬಂತು ಅನ್ನುವುದರ ಮೇಲೆ ಹೊಳೆ ನೀರು, ಚಾನಲ್ ನೀರು, ಕೆರೆ ನೀರು, ಬಾವಿ ನೀರು, ಬೋರ್ ನೀರು, ನಲ್ಲಿ ನೀರು. ಬಾಯಿಗೆ ಹೇಗಿದೆ ಅನ್ನುವುದರ ಮೇಲೆ ಸಿಹಿ (ಮಾತಿನಲ್ಲಿ ಸೀನೀರು), ಸಪ್ಪೆ, ಉಪ್ಪು, ಸವಳು, ಒಗರು. ಏನು ಸಂಸ್ಕಾರ ಆಗಿದೆ ಅನ್ನುವುದರ ಮೇಲೆ ಸೋಸಿದ ನೀರು, ಕಾಯಿಸಿ ಆರಿಸಿದ ನೀರು, ಫಿಲ್ಟರ್ ನೀರು. ಯಾವುದಕ್ಕೆ ಅನ್ನುವುದರ ಮೇಲೆ ಕುಡಿಯೋ ನೀರು, ಬಳಕೆ ನೀರು, ದನಕರಿನ ನೀರು. ಬೋರ್ಡಿನ ಮೇಲೆ ಇರಬೇಕಾದ್ದು ಈ ಕೊನೆಯ ಬಗೆ ಮಾತ್ರ. ಬಾಯಾರಿ ನಿಂತವನಿಗೆ ತಿಳಿಯಬೇಕಾದ್ದು ಅದೊಂದೇ.

ಮೂಲದ ಹೆಸರಂತೂ ದಾರಿ ತಪ್ಪಿಸುತ್ತದೆ. ದಾವಣಗೆರೆಯಲ್ಲಿ ಕುಂದುವಾಡ ಕೆರೆಯ ನೀರು ಅಂದರೆ ಅದು ಭದ್ರಾ ನಾಲೆಯಿಂದ ತುಂಬಿಸಿಟ್ಟ ನೀರು, ಟಿವಿ ಸ್ಟೇಷನ್ ಕೆರೆಯದೂ ಹಾಗೆಯೇ. ಹೊಳೆ ನೀರು ಬರುವುದು ಇಲ್ಲಿ ಹರಿಹರದ ಹತ್ತಿರ ರಾಜನಹಳ್ಳಿಯಿಂದ. ಚಿತ್ರದುರ್ಗದವರು ಸೂಳೆಕೆರೆ ನೀರು, ವಿವಿ ಸಾಗರದ ನೀರು ಅಂತ ಬೇರೆಬೇರೆ ಹೇಳುತ್ತಾರೆ: ಮೊದಲನೆಯದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ್ದು, ಎರಡನೆಯದು ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯದು. ಎರಡೂ ಶುದ್ಧೀಕರಣ ಆಗಿಯೇ ನಲ್ಲಿಗೆ ಬರಬೇಕಾದ ನೀರು, ಹೆಸರಿನಿಂದ ಅದು ಗೊತ್ತಾಗುವುದಿಲ್ಲ.

ಸಿಹಿನೀರು ಅನ್ನುವುದಕ್ಕೆ ಹಿರಿಯರು ಪಟ್ಟು ಹಿಡಿದಿರುವುದು ಸಹಜ. ದುರ್ಗದ ಊರೊಳಗೇ ಸಿಹಿನೀರು ಹೊಂಡ ಇದೆ, ಕೋಟೆಯಲ್ಲಿ ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಇದೆ. ಒಂದು ರುಚಿಯಿಂದ, ಇನ್ನೊಂದು ತಂಪಿನಿಂದ ಹೆಸರು ಪಡೆದದ್ದು. ನೆಲದ ನೀರು ಸವಳಾಗಿರುವ ಕಡೆ ಸಿಹಿನೀರು ಸಿಕ್ಕಿದ್ದೇ ದೊಡ್ಡದಾಗಿತ್ತು. ಆ ಗೌರವ ಮಾತಿನಲ್ಲಿರಲಿ, ಟ್ಯಾಂಕಿನ ಮೇಲೆ ಬೇಡ.

ಬಿಸಿನೀರಿನ ವಿಚಾರದಲ್ಲೂ ಇಂಥದೇ ಗೊಂದಲವಿದೆ. “ಕಾಯಿಸಿ ಆರಿಸಿದ ನೀರು ಕುಡಿಯಿರಿ” ಅಂತ ಡಾಕ್ಟರು ಹೇಳಿದರೆ ಮನೆಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿ ಇಳಿಸುತ್ತಾರೆ. ಕಾಯಿಸುವುದು ಅಂದರೆ ಬೆಚ್ಚಗೆ ಮಾಡುವುದೂ ಆಗುತ್ತದೆ, ಕುದಿಸುವುದೂ ಆಗುತ್ತದೆ. ರೋಗಾಣು ಸಾಯಬೇಕಾದರೆ ನೀರು ತಳದಿಂದ ಮೇಲಿನವರೆಗೆ ಕೊತಕೊತ ಕುದಿದು ಒಂದು ನಿಮಿಷ ಹಾಗೇ ಇರಬೇಕು. ಆದ್ದರಿಂದ “ಕುದಿಸಿ ಆರಿಸಿದ ನೀರು” ಅಂತಲೇ ಬರೆಯಬೇಕು, ಹೇಳಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಆವಿಯಾಗಿ ಹೋಗುವುದು ನೀರು, ಫ್ಲೋರೈಡ್ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಹೋಟೆಲಿನಲ್ಲಿ “ಸಾದಾ ನೀರು” ಅಂದರೆ ಬಿಸಿಯೂ ಅಲ್ಲದ ಫ್ರಿಜ್ಜಿನದೂ ಅಲ್ಲದ ನೀರು, ಅಷ್ಟರಿಂದ ಅದು ಸೋಸಿದ್ದೋ ಅಲ್ಲವೋ ತಿಳಿಯದು.

“ತಂಪು ಪಾನೀಯ” ಬೇಡ. ಪಾನೀಯ ಪತ್ರಿಕೆಯ, ಸರ್ಕಾರಿ ಕಾಗದದ ಪದ. ತಂಪು ಪಾನೀಯ ಅಂತ ಕಂಡರೆ ಜನ ಬಾಟಲಿ ಸೋಡಾ, ಕೋಲಾ ಅಂದುಕೊಂಡು ದುಡ್ಡು ಎಷ್ಟು ಅಂತ ಕೇಳುತ್ತಾರೆ. ಪಾನಕ ಅಂದರೆ ಬೆಲ್ಲದ್ದು, ಶರಬತ್ತು ಅಂದರೆ ಸಕ್ಕರೆ ನಿಂಬೆಯದು, ಜ್ಯೂಸು ಅಂದರೆ ಹಣ್ಣಿನದು ಅಂತ ನಮ್ಮ ಕಿವಿಗೆ ಆಗಲೇ ಬೇರೆಬೇರೆ ಇವೆ. ಆಯಾ ಹೆಸರನ್ನೇ ಬರೆಯಿರಿ. ಮಜ್ಜಿಗೆಯಲ್ಲೂ ನೀರು ಮಜ್ಜಿಗೆ ಬೇರೆ, ಮಸಾಲೆ ಮಜ್ಜಿಗೆ ಬೇರೆ. ಖಾರ ಇದ್ದರೆ ಹೇಳಲೇಬೇಕು, ಮಗುವಿಗೆ ಕುಡಿಸುವವರು ಕೇಳುತ್ತಾರೆ. ಅಂಬಲಿಯನ್ನು ಗಂಜಿ ಅಂತ ಬರೆದರೆ ಅಕ್ಕಿಯದು, ಕಾಯಿಲೆಯವರದು ಅನ್ನುವ ಭಾವನೆ ಬರುತ್ತದೆ. ರಾಗಿ ಅಂಬಲಿ ಅಂತಲೇ ಇರಲಿ.

ಲೋಟ ಮರುಬಳಕೆ ಮಾಡುವುದಾದರೆ “ಕಚ್ಚದೆ ಎತ್ತಿ ಕುಡಿಯಿರಿ” ಅಂತ ಒಂದು ಸಾಲು ಸೇರಿಸಿ, ಹಳ್ಳಿಯವರಿಗೆ ತಟ್ಟನೆ ಅರ್ಥವಾಗುತ್ತದೆ. ಆಂಧ್ರದ ಕಡೆಯಿಂದ ಬರುವವರಿಗೆ, ಗಡಿಭಾಗದ ತೆಲುಗು ಮಾತಿನವರಿಗೆ “ತಾಗು ನೀರು” ಅಂತ ತೆಲುಗು ಲಿಪಿಯಲ್ಲಿ ಕೆಳಗೆ ಬರೆಸುವುದೂ ಒಳ್ಳೆಯದು.

ಅಡುಗೆ ಕೆಲಸ, ದಾವಣಗೆರೆ

ಸಾಮಾನಿನ ಲೆಕ್ಕ ನಾ ಹೇಳ್ತೀನ್ರಿ.

ಲೋಟ 150 ಎಂಎಲ್ ಹಿಡಿದ್ರ 500 ಲೋಟಕ್ಕ 75 ಲೀಟರ್. ಪಾನಕಕ್ಕ ಲೀಟರಿಗೆ 150 ಗ್ರಾಂ ಬೆಲ್ಲ, ಒಟ್ಟು 11ರಿಂದ 12 ಕೆಜಿ. ಶುಂಠಿ ಪುಡಿ 75 ಗ್ರಾಂ, ಕಾಳುಮೆಣಸು 30 ಗ್ರಾಂ, ಏಲಕ್ಕಿ 30 ಗ್ರಾಂ, ನಿಂಬೆಹಣ್ಣು 40, ಉಪ್ಪು ಎರಡು ಚಿಟಿಕೆ. ಬೆಲ್ಲ ಕರಗಿದ ಮ್ಯಾಲೆ ಅದೇ ಏಳು ಲೀಟರ್ ಜಾಗ ಹಿಡಿತೈತಿ, ಹಂಗಾಗಿ ನೀರು 68 ಲೀಟರ್ ಸಾಕು.

75 ಲೀಟರ್ ಒಮ್ಮೆಲೇ ಕಲಸಿ ಇಡಬ್ಯಾಡ್ರಿ. ಫಾಲ್ಗುಣದ ಬಿಸಿಲಿಗೆ ನಾಕೈದು ತಾಸಿನೊಳಗ ಮ್ಯಾಲೆ ಸಣ್ಣ ಗುಳ್ಳೆ ಏಳ್ತಾವ, ಹುಳಿ ವಾಸನೆ ಬರ್ತೈತಿ. ಅಷ್ಟಾದ್ರ ಚೆಲ್ಲೋದೇ. ಬೆಲ್ಲ ಜಜ್ಜಿ 10 ಲೀಟರ್ ನೀರಿಗೆ ಹಾಕಿ ಕುದಿಸ್ರಿ, ಕುದಿ ಬಂದಾಗ ಶುಂಠಿ, ಮೆಣಸು ಹಾಕ್ರಿ. ಇಳಿಸಿ ತೆಳ್ಳನ ಬಟ್ಟ್ಯಾಗ ಸೋಸ್ರಿ, ಬೆಲ್ಲದಾಗ ಕಬ್ಬಿನ ಸಿಪ್ಪೆ, ಮಣ್ಣು ಇದ್ದೇ ಇರ್ತೈತಿ. 17 ಲೀಟರ್ ಪಾಕ ಆಗ್ತೈತಿ. ಪೂರ್ತಿ ಆರಿದ ಮ್ಯಾಲೆ ಏಲಕ್ಕಿ. ಈ ಪಾಕನ ಮುಚ್ಚಿಟ್ಟು, ಬೇಕಾದಾಗ 20 ಲೀಟರಿಗೆ ನಾಕೂವರೆ ಲೀಟರ್ ಪಾಕ, ಹದಿನೈದೂವರೆ ಲೀಟರ್ ಕುಡಿಯೋ ನೀರು ಕಲಸ್ರಿ. ನಿಂಬೆ ರಸ ಆವಾಗ್ಲೇ ಹಿಂಡ್ರಿ, 20 ಲೀಟರಿಗೆ ಹತ್ತು ಹಣ್ಣು. ಸಿಪ್ಪೆ ಒತ್ತಿ ಹಿಂಡಿದ್ರ, ಇಲ್ಲಾ ಸಿಪ್ಪೆ ಒಳಗ ಬಿಟ್ರ, ಒಂದು ತಾಸಿಗೆ ಕಹಿ ಇಳಿತೈತಿ. ಹುಳಿ ಬಿದ್ದ ಪಾನಕ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರ್ಯಾಗ ಇಡಬಾರದು. ಕಲಾಯಿ ಇದ್ರೂ ಎಲ್ಲಿ ಹೋಗೈತಿ ಗೊತ್ತಾಗಲ್ಲ. ಸ್ಟೀಲೇ ಸೈ.

ಮಜ್ಜಿಗಿ 75 ಲೀಟರಿಗೆ ಮೊಸರು 15 ಲೀಟರ್, ನೀರು 60. ಉಪ್ಪು ಲೀಟರಿಗೆ 5 ಗ್ರಾಂ, ಅಂದ್ರ 375 ಗ್ರಾಂ. ಹಸಿಶುಂಠಿ 400 ಗ್ರಾಂ, ಹಸಿಮೆಣಸಿನಕಾಯಿ 200 ಗ್ರಾಂ, ಕೊತ್ತಂಬರಿ ಐದು ಸಿವುಡು, ಕರಿಬೇವು ನಾಕು ಹಿಡಿ, ಇಂಗು 10 ಗ್ರಾಂ. ರುಬ್ಬಿ ಸೋಸಿ ರಸ ಮಾತ್ರ ಹಾಕ್ರಿ, ಕಾಯಿ ಚೂರು ಗಂಟಲಿಗೆ ಸಿಕ್ಕಿ ಮಕ್ಕಳು ಕೆಮ್ಮತಾವ. ಒಗ್ಗರಣೆ ಬ್ಯಾಡ, ತಣ್ಣಗಾದ ಎಣ್ಣಿ ಮ್ಯಾಲೆ ತೇಲಿ ಮೊದಲ ಲೋಟಗಳಿಗೇ ಹೋಗ್ತೈತಿ. ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದಿರಲಿ. ಮೊದಲು ಮೊಸರು ಒಂದೇ ಕಡಿದು ನುಣ್ಣಗ ಮಾಡಿ, ಆಮೇಲೆ ನೀರು ಸ್ವಲ್ಪಸ್ವಲ್ಪ ಹಾಕ್ರಿ. ಒಮ್ಮೆಲೇ ಸುರಿದ್ರ ಗಂಟು ತಳಕ್ಕ ಕೂತು ಮ್ಯಾಲೆ ಬರೇ ನೀರು ನಿಲ್ತೈತಿ. ಇದನ್ನೂ 20–25 ಲೀಟರ್‌ನಂಗ ಮಾಡ್ರಿ.

ಐಸ್ ಗಡ್ಡಿ ಒಳಗ ಹಾಕಬ್ಯಾಡ್ರಿ. ಫ್ಯಾಕ್ಟರಿ ಐಸು ಯಾವ ನೀರಿಂದು ಅಂತ ಹೇಳೋರಿಲ್ಲ. ಪಾತ್ರಿ ಹೊರಗ ಸುತ್ತ ಇಟ್ಟು ತಟ್ಟು ಹೊದಿಸ್ರಿ. ನೀರು ಹಾಕಿ ಪಳಗಿಸಿದ ಹರವಿ ಸಿಕ್ರ ಇನ್ನೂ ಚಲೋ, ಕೆಳಗ ಒದ್ದೆ ಮರಳು ಹಾಸಿ ಇಡ್ರಿ.

ಅಂಬಲಿ 200 ಲೋಟ, ಲೋಟಕ್ಕ 200 ಎಂಎಲ್, ಒಟ್ಟು 40 ಲೀಟರ್. ರಾಗಿಹಿಟ್ಟು 4 ಕೆಜಿ. 8 ಲೀಟರ್ ತಣ್ಣೀರಿನಾಗ ಗಂಟಿಲ್ಲದಂಗ ಕಲಸಿ, ಕುದಿಯೋ 22 ಲೀಟರ್ ನೀರಿಗೆ ತಿರುವುತ್ತಾ ಹೊಯ್ರಿ. ಹಸಿಹಿಟ್ಟಿನ ವಾಸನಿ ಹೋಗಿ ಹೊಳಪು ಬರೋತನ, ಹದಿನೈದು ನಿಮಿಷ, ಕೈ ಬಿಡದಂಗ ತಿರುವ್ರಿ, ತಳ ಹಿಡಿದ್ರ ಸೀದ ವಾಸನಿ ಇಡೀ ಪಾತ್ರಿಗೆ ಬರ್ತೈತಿ. ಆರಿದಂಗ ಗಟ್ಟಿ ಆಗ್ತೈತಿ, ಒಲಿ ಮ್ಯಾಲೆ ತೆಳ್ಳಗ ಕಾಣಲಿ. ಕೊಡೋ ಮುಂಚೆ ಮಜ್ಜಿಗಿ 7–8 ಲೀಟರ್, ಉಪ್ಪು, ಸಣ್ಣಗ ಹೆಚ್ಚಿದ ಈರುಳ್ಳಿ. ಮಜ್ಜಿಗಿ ಬೆರೆಸಿದ್ದು ಎರಡು ತಾಸಿನೊಳಗ ಖಾಲಿ ಆಗಬೇಕು.

ಒಂದು ಮರೀಬ್ಯಾಡ್ರಿ. ಪಾನಕಕ್ಕ 68, ಮಜ್ಜಿಗಿಗೆ 60, ಅಂಬಲಿಗೆ 30, ಎಲ್ಲಾ ಸೇರಿ 160 ಲೀಟರ್ ಹತ್ರ ಅದೇ ಕುಡಿಯೋ ಟ್ಯಾಂಕಿಂದೇ ಹೋಗ್ತೈತಿ. ಉಳಿಯೋದು 340. ಎರಡನೇ ಸಲ ತುಂಬಿಸೋಕ ಹೇಳಿಟ್ಟಿರಬೇಕು. ಇಲ್ಲಾಂದ್ರ ಮಧ್ಯಾಹ್ನ ಯಾರಾದ್ರೂ ಬೋರ್ ಟ್ಯಾಂಕಿಗೇ ಕೊಡ ಹಿಡಿತಾರ. ಕ್ಲೋರಿನ್ ಹಾಕಿದ ನೀರನ್ನ ಪಾನಕಕ್ಕ, ಮಜ್ಜಿಗಿಗೆ ಬಳಸೋದಿದ್ರ ಒಂದು ತಾಸು ತೆರೆದ ಪಾತ್ರ್ಯಾಗ ಬಟ್ಟಿ ಮುಚ್ಚಿ ಬಿಡ್ರಿ, ವಾಸನಿ ಇಳಿತೈತಿ.

ಆರೋಗ್ಯ ಕಾರ್ಯಕರ್ತೆ, ಹೊಳಲ್ಕೆರೆ

ಅಣ್ಣಂದಿರೇ, ಪಾನಕವನ್ನೋ ಮಜ್ಜಿಗೆಯನ್ನೋ ಯಾರೂ “ಒಆರ್‌ಎಸ್ ನೀರು” ಅಂತ ಕರೆಯಬೇಡಿ. ಅದು ವಾಂತಿ ಭೇದಿಯಲ್ಲಿ ಕೊಡುವ, ಉಪ್ಪು ಸಕ್ಕರೆ ಬೆರೆತ ಪುಡಿಯ ನೀರು. ವಾಂತಿ ಭೇದಿ ಆಗಿ ಸುಸ್ತಾದವರಿಗೆ ಪಾನಕ ಕೊಟ್ಟರೆ ಸಿಹಿ ಹೆಚ್ಚಾಗಿ ಭೇದಿ ಇನ್ನೂ ಜೋರಾಗಬಹುದು. ಒಆರ್‌ಎಸ್ ಪೊಟ್ಟಣ ಹತ್ತಾದರೂ ಇಟ್ಟುಕೊಳ್ಳಿ. ದೊಡ್ಡ ಪೊಟ್ಟಣ ಒಂದು ಲೀಟರ್ ಕುಡಿಯುವ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಹಾಕಿದರೆ ಉಪ್ಪು ವಿಪರೀತ ಆಗುತ್ತೆ. ಪೊಟ್ಟಣ ಮುಗಿದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆಮಟ್ಟ ಇರಲಿ, ಗೋಪುರ ಬೇಡ. ಕಲಸಿದ್ದನ್ನು 24 ಗಂಟೆ ಮೀರಿ ಇಡಬಾರದು.

ಪಾನಕದ ಮೇಲೆ “ಬೆಲ್ಲದ ಪಾನಕ” ಅಂತ ಇದ್ದರೆ ಸಕ್ಕರೆ ಕಾಯಿಲೆಯವರು ತಾವೇ ಮಜ್ಜಿಗೆ ಕಡೆ ಹೋಗುತ್ತಾರೆ. ಬಿಪಿ ಇರುವವರಿಗಾಗಿ ಉಪ್ಪು ಹಾಕದ ಮಜ್ಜಿಗೆ ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಇಡಿ. ಬಿಸಿಲಿಗೆ ಬಿದ್ದು ಮಾತು ತೊದಲುತ್ತಿದ್ದರೆ, ಪೂರ್ತಿ ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹೊಯ್ಯಬಾರದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಅರವಟ್ಟಿಗೆ ಬಳಗ, ಚಳ್ಳಕೆರೆ

ಎಲ್ಲರಿಗೂ ಶರಣು. ಬೋರ್ಡು ಹೀಗೆ ಬರೆಸುತ್ತಿದ್ದೇವೆ. ಒಂದು ಟ್ಯಾಂಕು: “ಕುಡಿಯುವ ನೀರು. ಕಚ್ಚದೆ ಎತ್ತಿ ಕುಡಿಯಿರಿ.” ಇನ್ನೊಂದು: “ಕೈಕಾಲು ತೊಳೆಯುವ ನೀರು. ಕುಡಿಯಬಾರದು.” ಎರಡಕ್ಕೂ ಚಿತ್ರ, ಕೆಳಗೆ ತೆಲುಗು. ಪಾತ್ರೆಗಳಿಗೆ “ಬೆಲ್ಲದ ಪಾನಕ”, “ಮಸಾಲೆ ಮಜ್ಜಿಗೆ, ಉಪ್ಪು ಖಾರ ಇದೆ”, “ಉಪ್ಪಿಲ್ಲದ ಮಜ್ಜಿಗೆ”, “ರಾಗಿ ಅಂಬಲಿ”. ಹಿರಿಯರೂ ಒಪ್ಪಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಘಟಕದ ನೀರಿನಲ್ಲಿ ರೋಗಾಣು ಇದೆಯೋ ಇಲ್ಲವೋ ನಾವೇ ನೋಡಿಕೊಳ್ಳೋಕೆ ಆಗುತ್ತಾ? ಫ್ಲೋರೈಡ್ ಎಲ್ಲಿ ನೋಡಿಸೋದು?

ನೀರು ಪರೀಕ್ಷೆ, ಚಿತ್ರದುರ್ಗ

ಆಗುತ್ತದೆ. ಎಚ್2ಎಸ್ ಬಾಟಲಿ ಅಂತ ಸಿಗುತ್ತದೆ, ಒಳಗೆ ಪುಡಿಯೋ ಕಾಗದದ ಪಟ್ಟಿಯೋ ಇರುತ್ತದೆ. ನಲ್ಲಿಯ ಬಾಯನ್ನು ಒರೆಸಿ, ಅರ್ಧ ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಒಳಗಾಗಲಿ ಮುಚ್ಚಳದ ಒಳಭಾಗಕ್ಕಾಗಲಿ ಬೆರಳು ತಾಗಿಸದೆ ಗೆರೆಯವರೆಗೆ ತುಂಬಿ ಮುಚ್ಚಿ. ಕೋಣೆಯಲ್ಲಿ ನೆರಳಿಗೆ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕ್ಲೋರಿನ್ ಹಾಕುವ ಮುಂಚಿನ ನೀರನ್ನೇ ಹಿಡಿಯಬೇಕು, ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಎರಡು ದಿನ ಹಿಡಿಯುವುದರಿಂದ ಜಾತ್ರೆಗೆ ನಾಲ್ಕು ದಿನ ಮುಂಚೆಯೇ ಮಾಡಿ. ಕಪ್ಪಾದರೆ ಬೇರೆ ಘಟಕ ಹುಡುಕಲು ಸಮಯ ಇರುತ್ತದೆ.

ಫ್ಲೋರೈಡಿಗೆ ಪಂಚಾಯ್ತಿಗೆ ಕೊಟ್ಟಿರುವ ಫೀಲ್ಡ್ ಟೆಸ್ಟ್ ಕಿಟ್ ಇದೆಯಾ ಕೇಳಿ. ಹನಿ ಹಾಕಿದಾಗ ನೀರು ಗುಲಾಬಿ ಬಣ್ಣ ತಳೆಯುತ್ತದೆ, ಫ್ಲೋರೈಡ್ ಹೆಚ್ಚಿದಷ್ಟೂ ಹಳದಿ ಕಡೆ ತಿರುಗುತ್ತದೆ, ಪಕ್ಕದ ಬಣ್ಣದ ಪಟ್ಟಿಯೊಂದಿಗೆ ಹೋಲಿಸಬೇಕು. ಟ್ಯೂಬ್‌ಲೈಟ್ ಕೆಳಗೆ ಹೋಲಿಸಬೇಡಿ, ಹಗಲು ಬೆಳಕಿನಲ್ಲಿ ನೋಡಿ. 1.5ರ ಆಸುಪಾಸು ಅನುಮಾನ ಬಂದರೆ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಜಾಲಿಸಿ ತುಂಬಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ಸೇರುತ್ತದೆ. ಬಾಟಲಿಯ ಮೇಲೆ ಬೋರ್ ನೀರೋ ಘಟಕದ ನೀರೋ, ಯಾವ ನಲ್ಲಿಯದು, ಯಾವ ದಿನ ಹಿಡಿದದ್ದು ಅಂತ ಬರೆದಿರಿ.